ಬ್ರೇಕಿಗೆ ಖಂಡೇಪೂಜೆ

ನನ್ನ ಹಳೆಯ ಪಿಕಪ್ ಗಾಡಿಗೆ ಬ್ರೇಕ್ ಇಲ್ಲವೆಂದು ಬೆಟಗೇರಿಯ ಜನ ಆಡಿಕೊಳ್ಳುತ್ತಿದ್ದದ್ದು ಶುದ್ಧ ಅಪಪ್ರಚಾರ. ಬ್ರೇಕ್ ಇತ್ತು. ಅದರ ಹೆಸರು ಅನ್ನಪೂರ್ಣವ್ವ, ನನ್ನ ಧರ್ಮಪತ್ನಿ. ಅಂಗಡಿಯ ನೂಲಿನ ಗಂಟುಗಳ ನಡುವೆ, ತೊಡೆಯ ಮೇಲೊಂದು ಕಲ್ಲಿಟ್ಟುಕೊಂಡು ಗಾಡಿಯ ಹಿಂದೆ ಕೂಡುತ್ತಿದ್ದಳು. ನಾನು ಮುಂದಿನಿಂದ "ಕಲ್ಲು" ಎಂದರೆ ಸಾಕು, ಸೆರಗು ಸಿಕ್ಕಿಸಿ ಜಿಗಿದು ಗಾಲಿಗೆ ಒಡ್ಡುತ್ತಿದ್ದಳು. (ಹತ್ತು ವರ್ಷದ ಸಂಸಾರದಲ್ಲಿ ಅವಳು ಕೇಳಿದ ನನ್ನ ಮಾತು ಅದೊಂದೇ.)

ಎಪ್ಪತ್ತೊಂಬತ್ತರ ದಸರೆಗೆ ಶಿರಹಟ್ಟಿಯಿಂದ ಅವಳ ತಾಯಿ ಶೇಖವ್ವ ಬಂದರು. ಮಗಳ ತೊಡೆಯ ಮೇಲೆ ಕಲ್ಲು ಕಂಡು ಕಣ್ಣಿಗೆ ಸೆರಗು ಹಚ್ಚಿದರು. ಹೆಂಡತಿಗೆ ಅಷ್ಟೇ ಸಾಕಾಯಿತು.

"ನೋಡ್ರಿ, ದಶಮಿಗೆ ಅವ್ವನ್ನ ಬನ್ನಿಗಿಡಕ್ಕ ಕರಕೊಂಡು ಹೋಗೋದೈತಿ. ಅಲ್ಲಿ ಗಾಡಿ ತಾನ ನಿಂತ್ರ ಛಲೋ ಆತು. ನಿಂದ್ರಲಿಲ್ಲಂದ್ರ ಮರುದಿನ ಗುಜರಿಗೆ ಹಾಕ್ತೀನಿ."

ಗಾಡಿಯೆಂದರೆ ನನಗೆ ಜೀವ. ರಾತ್ರಿ ಊಟವೂ ಸೇರಲಿಲ್ಲ. ಮರುದಿನವೇ ಮೇಸ್ತ್ರಿ ನಜೀರಸಾಬನ ಹತ್ತಿರ ಹೋಗಿ ಹೊಸ ಲೈನರ್ ತಂದೆ. ಗಾಲಿಯೊಳಗೆ ಕೂತು ಅದನ್ನು ಬಿಗಿಯಾಗಿ ಹಿಡಿಯುವ ಪಟ್ಟಿಗಳು ಅವು.

"ನಾ ಬಂದು ಹಾಕ್ತೀನಿ ಸಾವ್ಕಾರ್ರ."

"ಬ್ಯಾಡೋ ಮಾರಾಯಾ, ನನಗ ಬರ್ತೈತಿ."

"ಹಂಗಾರ ಒಂದ ಮಾತು. ಇದಕ್ಕ ಎಣ್ಣಿ ತಾಗಿಸಬ್ಯಾಡ್ರಿ. ತಾಗಿತಂದ್ರ ಜಾರತೈತಿ, ಹಿಡಿಯಂಗಿಲ್ಲ."

"ಅಷ್ಟೂ ತಿಳಿಯಂಗಿಲ್ಲೇನ ನನಗ?" ಎಂದು ಮೀಸೆ ತಿರುವಿ ಬಂದೆ.

ಖಂಡೇನವಮಿಯ ಮುಂಜಾನೆ ನಾಲ್ಕೂ ಗಾಲಿ ಬಿಚ್ಚಿ, ಹೊಸ ಲೈನರ್‌ಗಳನ್ನು ಅಂಗಳದಲ್ಲಿ ಹರವಿ ಜಳಕಕ್ಕೆ ಹೋದೆ. ಬರುವಷ್ಟರಲ್ಲಿ ಅತ್ತೆ ಮನೆಯ ಕಬ್ಬಿಣವನ್ನೆಲ್ಲ ಪೂಜೆಗೆ ಸಾಲಾಗಿ ಇಟ್ಟಿದ್ದರು. ಕುಡುಗೋಲು, ಈಳಿಗೆ, ತಕ್ಕಡಿ, ಗಾಲಿ ಬಿಚ್ಚುವ ನನ್ನ ಪಾನಾಗಳು, ಎಂಟೂ ಲೈನರ್! ಚೆಂಡುಹೂವಿನಲ್ಲಿ ಯಾವುದು ಏನೆಂದೇ ತಿಳಿಯುತ್ತಿರಲಿಲ್ಲ.

"ಅತ್ತೀಯವರ, ಅವು ನನಗ ಈಗ ಬೇಕಾಗ್ಯಾವ."

"ಪೂಜಾಕ್ಕ ಇಟ್ಟ ಹತಾರ ನಾಳಿ ಮುಂಜಾನಿತನಕ ಎತ್ತಂಗಿಲ್ಲ ಅಳಿಯಂದ್ರ. ಕುಂಡ್ರಿ, ಪೂಜಾ ಮಾಡ್ರಿ."

ಕೂತೆ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಅರ್ಧ ಕಣ್ಣು ಮುಚ್ಚಿ, ಎಲ್ಲ ಉಪಚಾರಗಳನ್ನೂ ಭರಭರ ಮುಗಿಸಿ ಎದ್ದೆ.

ದಶಮಿಯ ದಿನ ಲೈನರ್ ಕೂಡಿಸಿ ಗಾಲಿ ಹಾಕುವಷ್ಟರಲ್ಲಿ ಸಂಜೆಯಾಯಿತು. ಕಲ್ಲನ್ನು ಎಲ್ಲರೆದುರು ಅಂಗಳದಲ್ಲೇ ಎಸೆದೆ. ತಾಯಿ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಲ್ಲಸಮುದ್ರದ ಹಾದಿ ಹಿಡಿದೆ. ಬನ್ನಿಗಿಡ ಬಂತು. ಬ್ರೇಕ್ ಒತ್ತಿದೆ. ಬನ್ನಿಗಿಡ ಹೋಯಿತು.

"ನಿಂದರಸ್ರಿ."

"ನಿಂದರಿಸೇನಲ್ಲ."

"ಹಂಗಾರ ಗಿಡ ಯಾಕ ಹಿಂದ ಹೊಂಟೈತಿ?"

ಮುಂದೆ ಇಳಿಜಾರು. ಬನ್ನಿ ಮುಡಿದು ಮರಳುತ್ತಿದ್ದ ಜನ ನಮ್ಮನ್ನು ಕಂಡು ಕೈ ಚಾಚಿದರು. ಗಾಡಿ ನಿಲ್ಲದ್ದನ್ನು ನೋಡಿ, "ಬಂಗಾರದ್ಹಂಗ ಇರ್ರಿ" ಎನ್ನುತ್ತ ಜೊತೆಗೆ ಓಡಿ ಕಿಟಕಿಯಲ್ಲಿ ಎಲೆ ತುರುಕಿದರು. ಅತ್ತೆ ಸಾವಧಾನವಾಗಿ ಅವೇ ಎಲೆಗಳನ್ನು ಮುಂದಿನವರಿಗೆ ಹಂಚುತ್ತ ಹೋದರು. ಹಿರಿಯರೊಬ್ಬರ ಕಾಲು ಮುಟ್ಟಲಾಗದ್ದಕ್ಕೆ ನಾನು ಸ್ಟೇರಿಂಗಿಗೇ ಹಣೆ ಹಚ್ಚಿದೆ. ದಶಮಿಗೆ ಊರಿನ ಸೀಮೆ ದಾಟುವ ಪದ್ಧತಿಯುಂಟು. ನಮ್ಮ ಸೀಮೋಲ್ಲಂಘನ ಒಂದು ಶೇಂಗಾಹೊಟ್ಟಿನ ಬಣವೆಯೊಳಗೆ ಸಂಪನ್ನವಾಯಿತು.

ಗಾಡಿ ಬನ್ನಿಗಿಡ ದಾಟಿದ್ದನ್ನು ಕಂಡು ಹಿಂದೆಯೇ ಸೈಕಲ್ ತುಳಿದು ಬಂದ ನಜೀರಸಾಬ ಒಂದು ಗಾಲಿ ಬಿಚ್ಚಿ ಮೂಸಿದ.

"ಕುಸುಬಿ ಎಣ್ಣಿ. ಯಾರ ಹಚ್ಚಿದ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತೀಯವರ, ನನ್ನ ಗಾಡಿ ಮ್ಯಾಲ ನಿಮಗೇನ ಹಗಿ?"

ಶೇಖವ್ವ ತಲೆಯ ಹೊಟ್ಟು ಝಾಡಿಸಿಕೊಂಡರು. "ನಾ ಹೂವ ಏರಿಸೇನಿ, ಅಷ್ಟ. ಹತಾರಕ್ಕ ಎಣ್ಣಿ ಹಚ್ಚೋದು ಪೂಜಾಕ್ಕ ಕುಂತವರ ಕೆಲಸ."

ಮೂವರೂ ನನ್ನನ್ನು ನೋಡಿದರು. ನಾನು ಮೆಲ್ಲಗೆ ಬೆರಳು ಮೂಸಿಕೊಂಡೆ. ಹೌದು, ಒಂದೊಂದಕ್ಕೂ ಎರಡೆರಡು ಸಲ ಸವರಿದ್ದೆ.

ಹೆಂಡತಿ ಗಾಡಿಯ ಮೇಲಿನ ಹೊಟ್ಟು ಕೊಡವಿದಳು. "ಗಾಡೀದೇನು ತಪ್ಪಿಲ್ಲ. ಗುಜರಿಗೆ ಬ್ಯಾಡ."

ಖುಷಿಯಿಂದ ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವಳು ಕೀಲಿ ಕಿತ್ತು ನಜೀರಸಾಬನ ಕೈಗಿಟ್ಟಳು.

"ಅಣ್ಣಾ, ಇನ್ನ ಮ್ಯಾಲ ನೀ ನಡಸು."

ಅವನು ಮತ್ತೆ ಹೊಸ ಲೈನರ್ ಹಾಕಿದ. ಈಗ ಬ್ರೇಕ್ ಒತ್ತಿದಲ್ಲೇ ಗಾಡಿ ಗಕ್ಕನೆ ನಿಲ್ಲುತ್ತದೆ. ಆದರೂ ನಿಂತಾಗಲೆಲ್ಲ ಅನ್ನಪೂರ್ಣವ್ವ ಮುಂದಿನ ಸೀಟಿನಿಂದ "ಕಲ್ಲು" ಎನ್ನುತ್ತಾಳೆ. ನಾನು ಧೋತರ ಎತ್ತಿಕಟ್ಟಿ ಹಿಂದಿನಿಂದ ಜಿಗಿಯುತ್ತೇನೆ.