ಢಾಕಾದವರಿಗೆ ಸಾಲ, ಸತ್ತಾರ್ ಸಾಬರಿಗೆ ಇಲ್ಲ

ಸತ್ತಾರ್: ಅಂದ್ರ ಢಾಕಾದವನಿಗೆ ಕೊಡ್ತೀರಿ, ಪಕ್ಕದ ಮನಿಯವನಿಗೆ ಇಲ್ಲ?

ಬಾಂಗ್ಲಾ ಯುದ್ಧ ಮುಗಿದ ಮರುವರ್ಷ. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ, ಅಕ್ಕಿ ವ್ಯಾಪಾರಿ ಶರಣಯ್ಯನ ಅಂಗಡಿ ಮುಂದೆ ಟಾಂಗಾ ಓಡಿಸುವ ಸತ್ತಾರ್ ಸಾಬ್ ಪೇಪರು ಝಳಪಿಸುತ್ತಿದ್ದ. ಅವನ ಕುದುರೆ ಸತ್ತು ಟಾಂಗಾ ಮೂಲೆ ಸೇರಿತ್ತು. ಹೊಸ ಕುದುರೆಗೆ ಸಾಲ ಬೇಕಾಗಿತ್ತು.

ಶರಣಯ್ಯ: ಢಾಕಾದವನ ಮಾರಿನೂ ನೋಡಿಲ್ಲೋ ನಾ! ಇದ್ದ ರೊಕ್ಕ ಎಲ್ಲಾ ಸರಕಾರದ ಬಾಂಡಿಗೆ ಹಾಕೀನಿ.

ಸತ್ತಾರ್: ಸರಕಾರ ಯಾರಿಗೆ ಕೊಡ್ತು? ಓದ್ರಿ. 'ಮಿತ್ರರಾಷ್ಟ್ರಕ್ಕೆ ಸಾಲ'. ನಿಮ್ಮ ರೊಕ್ಕ ಆಗಲೇ ರೈಲು ಹತ್ತ್ಯದ.

ಶರಣಯ್ಯ: ಅವರು ಯುದ್ಧದಾಗ ನೊಂದವರು.

ಸತ್ತಾರ್: ನಮ್ಮ ಮನಿಯಾಗ ನಿಕಾಹ್ ಆದಾಗಿಂದ ಯುದ್ಧ ನಡದದ! ಕುದುರಿ ಸತ್ತಮ್ಯಾಲಂತೂ ತಾಟು, ಲೋಟ ಮ್ಯಾಲಿಂದ ಬೀಳಾಕತ್ಯಾವ.

ಶರಣಯ್ಯ: ಅವರು ಮಿತ್ರರು.

ಸತ್ತಾರ್: ನಾ ಯಾರು? ನಿಮ್ಮ ಲಗ್ನದ ಮೆರವಣಿಗಿ ನನ್ನ ಟಾಂಗಾದಾಗ ಹೋಗಿತ್ತು.

ಶರಣಯ್ಯ: ಹೌದು, ನಿನ್ನ ಕುದುರಿ ಬೆದರಿ ನನ್ನನ್ನ ಸ್ಟೇಷನ್ನಿಗೆ ಒಯ್ದಿತ್ತು. ಇನ್ನೊಂದು ಸ್ವಲ್ಪದಾಗ ಮುಹೂರ್ತ ತಪ್ಪತಿತ್ತು.

ಸತ್ತಾರ್: ಅದಕ್ಕ ಮುಂದಿಂದು ತಿಳಿದಿತ್ತು. ಪಾಪ, ನಿಮ್ಮನ್ನ ಉಳಿಸಾಕ ನೋಡ್ತು!

ಶರಣಯ್ಯ ನಗು ನುಂಗಿಕೊಂಡು ಗಂಭೀರನಾದ.

ಶರಣಯ್ಯ: ರಾಷ್ಟ್ರ ಅಂದ್ರ ಗಡಿ ಇರಬೇಕು, ಬಾವುಟ ಇರಬೇಕು.

ಸತ್ತಾರ್: ನಮ್ಮ ನಡುವ ಗೋಡಿ ಅದ. ಅದರ ಮ್ಯಾಲ ನನ್ನ ಲುಂಗಿ ಹಾರಾಡಾಕತ್ಯದ. ಇನ್ನೇನು ಬೇಕು? ಹೋಗ್ಲಿ, ಆ ಬಾಂಡಾದ್ರೂ ತೋರಿಸ್ರಿ.

ಶರಣಯ್ಯ: ನನ್ನ ಕಾಲು ಉಳುಕಿತ್ತು. ಮಾನಮ್ಮನ್ನ ಪೋಸ್ಟಾಫೀಸಿಗೆ ಕಳಿಸಿದ್ದೆ. ಆಕಿ ಪೆಟ್ಟಿಗ್ಯಾಗ ಇಟ್ಟಾಳ.

ಸತ್ತಾರ್: ಅಂದ್ರ ನೀವೂ ನೋಡಿಲ್ಲ!

ಶರಣಯ್ಯ: ಹೆಂಡ್ತಿ ಮ್ಯಾಲ ನಂಬಿಕಿ ಅದಲೇ ನನಗ!

ಅಷ್ಟರಲ್ಲಿ ಟಕಟಕ ಸದ್ದಾಯಿತು. ಸತ್ತಾರನ ಹೆಂಡತಿ ಸುಗ್ರಾ ಬೇಗಂ ಕೆಂದು ಕುದುರೆಯೊಂದರ ಹಗ್ಗ ಹಿಡಿದು ಬಂದಳು.

ಸುಗ್ರಾ: ಇಲ್ಲೇನು ಹರಟಿ? ನಮ್ಮ ಭೈಯ್ಯಾ ದೇವದುರ್ಗದಿಂದ ಹೊಡಕೊಂಡು ಬಂದಾನ. ಟಾಂಗಾ ಕಟ್ರಿ!

ಸತ್ತಾರ್: ಯಾ ಅಲ್ಲಾ! ರೊಕ್ಕ ಎಲ್ಲಿಂದ ಬಂತು?

ಸುಗ್ರಾ: ಮಾನಮ್ಮಕ್ಕ ಕೊಟ್ಟಳು. ಬಾಂಡಿಗೆ ಅಂತ ಹೊಂಟಿದ್ದಳು, ಜೋಡಿ ನಾನೂ ಹೋಗಿದ್ದೆ. ಮಂದಿ ಪಾಳಿ ಉದ್ದ ಇತ್ತು. ನಿಂತಲ್ಲೇ ಕುದುರಿ ಸುದ್ದಿ ಹೇಳಿ ಅತ್ತೆ. "ಸರಕಾರಕ್ಕ ಕೊಡೋರು ಭಾಳ ಮಂದಿ ಅದಾರ, ನಿನಗ ಯಾರದಾರ?" ಅಂತ ಎಲ್ಲಾ ರೊಕ್ಕ ನನ್ನ ಸೆರಗಿಗೆ ಕಟ್ಟಿಬಿಟ್ಟಳು.

ಸತ್ತಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು. ಅದೆಲ್ಲ ನಗುವಿನದೇ ಆಗಿರಲಿಲ್ಲ. ಶರಣಯ್ಯ ಮಾತ್ರ ಅಕ್ಕಿ ಚೀಲದ ಮೇಲೆ ಧೊಪ್ಪನೆ ಕೂತ. ಕುದುರೆ ಮೆಲ್ಲಗೆ ಬಂದು ಅವನ ನುಚ್ಚಕ್ಕಿ ಬುಟ್ಟಿಗೆ ಬಾಯಿ ಹಾಕಿತು. ಅವನು ಅದನ್ನು ಅಟ್ಟಲು ಕೈಯೆತ್ತಿದವನು, ಯಾಕೋ ಅದರ ಕುತ್ತಿಗೆ ಸವರಿದ.

ಶರಣಯ್ಯ: ಭಾಳ ಚಂದ ಅದಲೇ... ಆದ್ರ ಬಾಂಡು ತಗೊಂಡೀನಿ ಅಂತ ಮಾನ್ವಿಯ ಬೀಗರತನಕ ಸಾರಿ ಬಂದೀನಿ. ನಾಳಿ ತೋರಿಸು ಅಂದ್ರ ಏನು ತೋರಿಸ್ಲಿ?

ಸುಗ್ರಾ: ಇದನ್ನ ತೋರಿಸ್ರಿ ಅಣ್ಣಾ. ನಂಬಲಿಲ್ಲಂದ್ರ ಬಾಯಿ ತೆಗೆಸಿ ಹಲ್ಲು ಎಣಿಸಿಕೊಳ್ಳಲಿ!