ಕಾಕಾನ ಕೈಮೇಲಿನ ಕುಕ್ಕರ್

ಕೆಟ್ಟುಹೋಗುವುದಕ್ಕೂ ಒಂದು ವಯಸ್ಸಿರುತ್ತದೆ. ನಮ್ಮ ಕಾಕಾ ಮಾತ್ರ ಮಲ್ಕಾಜ್‌ಗಿರಿಯಲ್ಲಿ ಸ್ವಂತ ಮನೆ ಕಟ್ಟಿ, ರೈಲ್ವೆ ಕೆಲಸದಿಂದ ಗೌರವವಾಗಿ ನಿವೃತ್ತರಾಗಿ, ಸಕ್ಕರೆ ಕಾಯಿಲೆಯನ್ನೂ ಸಂಪಾದಿಸಿಕೊಂಡು, ಇನ್ನು ಅಪಾಯವಿಲ್ಲ ಎಂದು ನಾವೆಲ್ಲ ನಿಶ್ಚಿಂತರಾದ ಮೇಲೆ ಕೆಟ್ಟರು!

ಒಂದು ಭಾನುವಾರ ನಾರಾಯಣಗೂಡದ ನಮ್ಮ ಮನೆಗೆ ಬಂದವರು ಚಹಾಕ್ಕೆ ಕೈಚಾಚಿದರು. ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಹಚ್ಚೆ: ಆಟೋ, ಗಾಳಿಪಟ, ಎಮ್ಮೆ, ಕುಕ್ಕರ್, ಬೀಗ.

"ಏನ್ರಿ ಕಾಕಾ ಇದು?"

"ರ‍್ಯಾಪ್ ಆಲ್ಬಂ. ಐದು ಹಾಡು, ಐದು ಚಿತ್ರ. ಇಲ್ಲಿ ಹುಡುಗ್ರು ದಖ್ಖನಿ ಉರ್ದೂದೊಳಗ ಹಾಡ್ಯಾರ. ಭಾಳ ಛಲೋ ಐತಿ."

ಅಪ್ಪನಿಗೆ ಚಹಾ ನೆತ್ತಿಗೇರಿತು. "ಹಚ್ಚೀನಽ ಬೇಕಿದ್ರ ದೇವರ ಹೆಸರು ಹಾಕಿಸ್ಕೊಬಾರದಿತ್ತೇನು?"

"ದೇವರಿಗೆ ನನ್ನ ಕೈ ಯಾಕಣ್ಣಾ? ಗುಡಿ ಐತಲ್ಲ!"

ನಾನೂ ಕುತೂಹಲಕ್ಕೆ ಆ ಕುಕ್ಕರ್ ಹಾಡು ಕೇಳಿದೆ. ಒಬ್ಬ ಉಸಿರು ತೆಗೆಯದೆ ಮನೆ ಮಾಲೀಕನನ್ನು ಬೈಯುತ್ತಾನೆ. ಅವನು ಸುಸ್ತಾದಾಗ ಕುಕ್ಕರ್ ಸೀಟಿ ಹೊಡೆಯುತ್ತದೆ. ಇದನ್ನು ಮೈಮೇಲೆ ಕೊರೆಸಿಕೊಳ್ಳುವಂಥದ್ದು ಏನಿತ್ತು?

ಕೇಳಿದವರಿಗೆಲ್ಲ ಕಾಕಾ ಒಂದೊಂದು ಅರ್ಥ ಹಂಚಿದರು. ಗುಡಿಯ ಆಚಾರ್ಯರಿಗೆ, "ಕುಕ್ಕರ್ ಅಂದ್ರ ದೇಹ ರೀ. ಎಷ್ಟು ಸೀಟಿ ಅಂತ ಮೇಲಿನವಗಽ ಗೊತ್ತು" ಎಂದರು. ಆಚಾರ್ಯರು ಅಂದೇ ಸಂಜೆ ಅದನ್ನು ಪ್ರವಚನದಲ್ಲಿ ಸೇರಿಸಿಬಿಟ್ಟರು! ಎಮ್ಮೆ ಯಾಕೆಂದು ಸಕ್ಕರೆ ಕಾಯಿಲೆಯ ಡಾಕ್ಟರು ಕೇಳಿದರೆ, "ನೀವು ಬಿಡಿಸಿದ ಪೇಡೆದ ನೆನಪಿಗ್ರಿ" ಎಂದು ನಿಟ್ಟುಸಿರಿಟ್ಟರು. ಡಾಕ್ಟರಿಗೆ ಪಾಪ ಅನ್ನಿಸಿ ಅರ್ಧ ಪೇಡೆಗೆ ಅನುಮತಿ ಸಿಕ್ಕಿತು.

ಅಷ್ಟರಲ್ಲಿ ನನ್ನ ತಂಗಿಯನ್ನು ನೋಡಲು ಬೀದರಿನಿಂದ ವರನ ಕಡೆಯವರು ಬರುವುದೆಂದಾಯಿತು. ಕಾಕಾನ ಹೆಂಡತಿ, ನಮ್ಮ ಕಾಕುವಿಗೆ ಹಿಂದಿನ ವರ್ಷ ಲಕ್ವಾ ಹೊಡೆದು ಬಲಗೈಯೊಂದು ಬಿಟ್ಟು ಉಳಿದದ್ದೆಲ್ಲ ನಿಧಾನವಾಗಿತ್ತು, ಮಾತು ಪೂರ್ತಿ ನಿಂತಿತ್ತು. ಅವರು ನಮ್ಮ ಮನೆಯ ಮೆಟ್ಟಿಲು ಹತ್ತಲಾರರೆಂದು ಕಾರ್ಯಕ್ರಮ ಕಾಕಾನ ಮನೆಯಲ್ಲೇ ಇಟ್ಟುಕೊಂಡೆವು. ಅಪ್ಪನ ಆಜ್ಞೆ ಒಂದೇ: ತುಂಬುತೋಳಿನ ಅಂಗಿ. ಸುಡು ಬೇಸಿಗೆಯಲ್ಲಿ ಕಾಕಾ ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡು, ಬೆವರುತ್ತ, ಅತಿ ಸಭ್ಯರಾಗಿ ಕುಳಿತರು.

ಉಪ್ಪಿಟ್ಟು ಮುಗಿದಿತ್ತು. ಪಕ್ಕದ ಕುರ್ಚಿಯಲ್ಲಿದ್ದ ಕಾಕು ಕಾಕಾನ ಅಂಗಿಯ ಎಡತೋಳು ಜಗ್ಗಿದರು. ಕಾಕಾ ಅಪ್ಪನತ್ತ ನೋಡಿದರು. ಅಪ್ಪ ಕಣ್ಣಲ್ಲೇ ಬೇಡವೆಂದರು. ಕಾಕು ಮತ್ತೆ ಜಗ್ಗಿದರು, ಈ ಸಲ ಸಿಟ್ಟಿನಿಂದ.

"ತಡಿ, ತೆಗೀತೀನಿ." ಕಾಕಾ ಗುಂಡಿ ಬಿಚ್ಚಿ ಅಂಗಿಯ ತೋಳನ್ನು ಮೊಣಕೈ ದಾಟಿಸಿ ಮಡಚಿದರು.

ಕಾಕು ಕುಕ್ಕರಿನ ಮೇಲೆ ಬೆರಳಿಟ್ಟರು. ಕಾಕಾ ಫೋನು ತೆಗೆದು ಹಾಡು ಹಚ್ಚಿದರು. ಬೀಗರಾಗಬೇಕಾದವರ ಮುಂದೆ ಮನೆ ಮಾಲೀಕನ ಏಳು ತಲೆಮಾರಿನ ಉದ್ಧಾರ ಶುರುವಾಯಿತು! ಅಪ್ಪ ಕಣ್ಣು ಮುಚ್ಚಿಕೊಂಡರು. ಕಾಕುವಿನ ಬೆರಳು ಮಾತ್ರ ಮೊಣಕಾಲ ಮೇಲೆ ತಪ್ಪದೆ ತಾಳ ಹಾಕುತ್ತಿತ್ತು.

ವರನ ತಾಯಿಗೆ ಕಾಕಾ ತಗ್ಗಿದ ದನಿಯಲ್ಲಿ ಹೇಳಿದರು: "ದವಾಖಾನಿಗೆ ಹೋಗೋ ಆಟೋದಾಗ ಈ ಹಾಡು ಹಚ್ಚಿದ್ರು. ಲಕ್ವಾ ಹೊಡದ ಮ್ಯಾಲ ಆವತ್ತಽ ಮೊದಲು ನಕ್ಕಳು. ಯಾವ ಹಾಡು ಬೇಕಂತ ಹೇಳಾಕ ಬರಂಗಿಲ್ಲ. ಕಾರ್ಡಿನ ಮ್ಯಾಲ ಚಿತ್ರ ಬರದು ಕೊಟ್ಟೆ, ದಿನಾ ಕಳೀತಿದ್ದಳು. ಕೈ ಆದ್ರ ಎಲ್ಲಿ ಕಳೀತೈತ್ರಿ?"

ಆ ತಾಯಿ ಅಪ್ಪನತ್ತ ತಿರುಗಿದರು. "ಹುಡುಗಿ ನಮಗ ಒಪ್ಪಿಗಿ ಐತ್ರಿ. ಇಂಥಾ ಮನಿ ಸಿಗೂದಿಲ್ಲ." ಆಮೇಲೆ ಕಾಕುವಿಗೆ, "ಇನ್ನೊಂದು ಹಾಡು ಕೇಳೋಣ್ರಿ ಅಕ್ಕಾರ, ಯಾವ್ದು ಹೇಳ್ರಿ" ಎಂದರು.

ಕಾಕುವಿನ ಬೆರಳು ಆಟೋ, ಎಮ್ಮೆ, ಬೀಗ ಎಲ್ಲ ದಾಟಿ ಮೊಣಕೈ ಮೇಲೆ, ಏನೂ ಬರೆಯದ ಬರಿಯ ಚರ್ಮದ ಮೇಲೆ ನಿಂತಿತು.

ಕಾಕಾ ಕೆಂಪಗಾದರು. "ಅಲ್ಲಿ ಮುಟ್ಟಿದ್ರ... ನಾನಽ ಹಾಡಬೇಕ್ರಿ."

"ಈಗ ಬ್ಯಾಡ, ಮಂದಿ ಅದಾರ" ಎಂದು ಕಾಕುವಿನ ಕಿವಿಯಲ್ಲಿ ಪಿಸುಗುಟ್ಟಿದರು. ಬೆರಳು ಕದಲಲಿಲ್ಲ. ಕಾಕಾ ಫೋನನ್ನು ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಂಡು, ಶ್ರುತಿಯ ಗೊಡವೆಯಿಲ್ಲದ ತಮ್ಮ ದನಿಯಲ್ಲಿ ಹಾಡತೊಡಗಿದರು.