ಕಾಕಾ ‘ಮಂಡ್ಯ’ ಆದದ್ದು

ಮನೆ ಬಿಟ್ಟು ಹೋಗುವುದರಲ್ಲಿ ನಮ್ಮ ಕಾಕಾನದು ಎತ್ತಿದ ಕೈ! ವರ್ಷಕ್ಕೆ ನಾಲ್ಕು ಸಲ ಹೋಗುತ್ತಿದ್ದ, ಐದು ಸಲ ಬರುತ್ತಿದ್ದ. ಲೆಕ್ಕ ಹೇಗೆ ಕೂಡಿತೆಂದು ನನ್ನನ್ನು ಕೇಳಬೇಡಿ.

ಕಾಕಾ ಅಂದರೆ ಅಪ್ಪನ ತಮ್ಮ. ಇಪ್ಪತ್ತೈದರ ಬ್ರಹ್ಮಚಾರಿ, ಬೀದರಿನ ಒಂದು ಕಚೇರಿಯಲ್ಲಿ ಗುಮಾಸ್ತ. ದಿನಾ ನಮ್ಮೂರು ಭಾಲ್ಕಿಯಿಂದ ರೈಲಿನಲ್ಲಿ ಓಡಾಡಿ ಸಾಕಾಗಿ, ಒಮ್ಮೆ ಬೀದರಿನಲ್ಲೇ ಬಾಡಿಗೆಗೆ ಖೋಲಿ ಹಿಡಿದ. ಮೂರನೇ ದಿನ ಟ್ರಂಕಿನ ಸಮೇತ ಅಂಗಳದಲ್ಲಿ ಹಾಜರು!

“ಯಾಕೋ, ಖೋಲಿ ಸೋರ್ತದೇನು?” ಅಂದಳು ಅಜ್ಜಿ.

“ಖೋಲಿ ಛಲೋ ಅದ ಅವ್ವಾ. ಬೈಯೋರೇ ಇಲ್ಲ. ‘ಇನ್ನೊಂದು ರೊಟ್ಟಿ ತಿಂದ್ರ ಸಾಯ್ತಿ ಏನ್ಲೇ’ ಅನ್ನೋರಿಲ್ದ ಊಟ ಹ್ಯಾಂಗ ಇಳೀಬೇಕು?”

ಅಷ್ಟರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿ, ನಮ್ಮ ಬೀದರ ಸೀಮೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು. ಉರ್ದು ಸಾಲಿಯಲ್ಲಿ ಕಲಿತ ಕಾಕಾ ಒಂದು ಸಂಜೆ ಕನ್ನಡದ ಹುಕುಂ ಹಿಡಿದು ಬಂದ. ಮನೆಯಲ್ಲಿ ಕನ್ನಡ ಅಕ್ಷರ ಬಲ್ಲ ಏಕೈಕ ಪಂಡಿತ ನಾನು! ಕಸಿದುಕೊಂಡು ಓದಿದೆ: “ನಿಮ್ಮನ್ನು ಮಂಡ್ಯಕ್ಕೆ ವರ್ಗ ಮಾಡಲಾಗಿದೆ.”

ನಮ್ಮ ಕಡೆ ವರ್ಗಾವಣೆಗೆ ಬದ್ಲಿ ಅನ್ನುತ್ತೇವೆ. ವರ್ಗ ಅಂದರೆ ನನಗೆ ಗೊತ್ತಿದ್ದದ್ದು ಸಾಲಿಯ ತರಗತಿ ಮಾತ್ರ.

“ಮಂಡ್ಯ ಅಂದ್ರ?” ಅಜ್ಜಿ ಕೇಳಿದಳು.

ಗೊತ್ತಿಲ್ಲ ಅನ್ನಲು ಪಂಡಿತರಿಗೆ ಬಾಯಿ ಬರುತ್ತದೆಯೇ? “ಅವ್ವಲ್, ಮೊದಲನೇ ನಂಬರ್ ಅಂದಂಗ ಅಜ್ಜಿ! ಕಾಕಾನ್ನ ಮ್ಯಾಲಿನ ದರ್ಜಾಕ್ಕ ಏರಿಸ್ಯಾರ!”

ಅಜ್ಜಿ ಬಾಯ್ತುಂಬ ನಕ್ಕಳು. ಕಾಕಾ ಹುಕುಂ ಮಡಚಿ ಕಿಸೆಗಿಟ್ಟು, ಹೋಗಿ ಪೇಡೆ ತಂದ. ಮರುದಿನ ಓಣಿ ತುಂಬ ಅಜ್ಜಿಯದೇ ಡಂಗುರ: “ನನ್ನ ಮಗ ಮಂಡ್ಯ ಆದನ್ರೀ!” ಪಕ್ಕದ ಮನೆಯವಳು ಪೇಡೆ ಕಣ್ಣಿಗೊತ್ತಿಕೊಂಡು, “ನಮ್ಮವನೂ ಲಗೂನ ಮಂಡ್ಯ ಆಗ್ಲಿರಿ” ಅಂದಳು.

ಎಂಟನೇ ದಿನ ಕಾಕಾ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ.

“ಈ ಸಲ ಎಷ್ಟು ದಿನ, ಕಾಕಾ?”

“ಮಂಡ್ಯ ಊರಪಾ, ಮೈಸೂರು ಹತ್ರ. ಬದ್ಲಿ ಮಾಡ್ಯಾರ. ಹೋಗ್ಲಿಲ್ಲಂದ್ರ ನೌಕ್ರಿ ಹೋಗ್ತದ.”

ಟ್ರಂಕಿನ ಮುಚ್ಚಳ ಹಿಡಿದು ಕೇಳಿದೆ: “ಯಾವಾಗ ಗೊತ್ತಾಯ್ತು?”

“ಆವತ್ತೇ. ಕಚೇರಿಯೊಳಗ ಓದಿಸ್ಕೊಂಡೇ ಬಂದಿದ್ದೆ. ಹೇಳೋದ್ರೊಳಗ ನೀ ಓದಿದಿ, ಅವ್ವ ನಕ್ಕಳು. ಹೋಗೋತನಾ ನಗಲಿ ಅಂತ ಬಿಟ್ಟೆ.”

ಇಬ್ಬರೂ ಅಡುಗೆಮನೆಗೆ ಹೋದೆವು. ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಹೊಸ್ತಿಲಲ್ಲೇ ನಿಂತ. ನಾನು ಒಳಗೆ ಹೋಗಿ ಅವಳ ಪಕ್ಕ ಕೂತೆ.

“ಅಜ್ಜಿ,” ಅಂದೆ ನಾನು, “ನಾ ತಪ್ಪು ಓದಿದ್ದೆ. ಮಂಡ್ಯ ಅಂದ್ರ ದೂರದ ಊರು.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.